ಬೆಂಗಳೂರಿನಲ್ಲಿ ತಿಂಡಿಗೆ ಹೊರಡುವ ಮುನ್ನ ಗಡಿಯಾರ ನೋಡಿ

ಬೆಂಗಳೂರಿಗೆ ಬರುವ ನೆಂಟರೆಲ್ಲ ನನ್ನನ್ನು ಕೇಳುವುದು "ಎಲ್ಲಿ ತಿನ್ನಬೇಕು?" ಎಂದು. ಬಸವನಗುಡಿಯಲ್ಲೇ ಹುಟ್ಟಿ ಬೆಳೆದ ನಾನು ಅವರಿಗೆ ತಿರುಗಿ ಕೇಳುವುದು "ಎಷ್ಟು ಹೊತ್ತಿಗೆ ಹಸಿವಾಗುತ್ತದೆ?" ಎಂದು. ಇದು ತಮಾಷೆಯ ಮಾತಲ್ಲ. ಈ ಊರಿನ ಒಳ್ಳೆಯ ಹೋಟೆಲುಗಳು ದಿನವಿಡೀ ಒಂದೇ ಹದದಲ್ಲಿ ನಡೆಯುವುದಿಲ್ಲ. ಬೆಳಿಗ್ಗೆ ಏಳಕ್ಕೆ ಮಲ್ಲಿಗೆಯಂತಿದ್ದ ಇಡ್ಲಿ ಹನ್ನೊಂದಕ್ಕೆ ಮುಗಿದಿರುತ್ತದೆ, ಮಿಲಿಟರಿ ಹೋಟೆಲಿನ ತಲೆಮಾಂಸ ಮಧ್ಯಾಹ್ನ ಎರಡರ ನಂತರ ಸಿಕ್ಕಿದರೆ ಅದು ನಿಮ್ಮ ಅದೃಷ್ಟ, ಫ್ರೇಜರ್ ಟೌನಿನ ಹಳೆಯ ಬೇಕರಿಯೊಂದು ಮಧ್ಯಾಹ್ನದವರೆಗೆ ಬಾಗಿಲನ್ನೇ ತೆಗೆಯುವುದಿಲ್ಲ. ವಿಳಾಸ ಸರಿಯಿದ್ದು ಹೊತ್ತು ತಪ್ಪಿದರೆ ಬರಿಗೈಯಲ್ಲಿ ಮರಳಬೇಕಾಗುತ್ತದೆ. ಆದ್ದರಿಂದ ಈ ಲೇಖನವನ್ನು ಹೋಟೆಲುಗಳ ಪಟ್ಟಿಯಾಗಿ ಬರೆಯದೆ ಹೊತ್ತಿನ ಕ್ರಮದಲ್ಲಿ ಬರೆದಿದ್ದೇನೆ.

ಮೊದಲ ಹೆಜ್ಜೆ: ರಜೆಯ ದಿನ ತಿಳಿದುಕೊಳ್ಳಿ

ಹಳೆಯ ಹೋಟೆಲುಗಳು ವಾರಕ್ಕೊಂದು ದಿನ ಮುಚ್ಚಿರುತ್ತವೆ, ಮತ್ತು ಆ ದಿನ ಒಂದೊಂದಕ್ಕೂ ಬೇರೆ. ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ಸೋಮವಾರ ರಜೆ, ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಶುಕ್ರವಾರ, ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಭಾನುವಾರ. ಹಬ್ಬದ ದಿನಗಳಲ್ಲಿ ಈ ಲೆಕ್ಕವೂ ಏರುಪೇರಾಗುವುದರಿಂದ ಹೊರಡುವ ಮುನ್ನ ಒಮ್ಮೆ ಫೋನು ಮಾಡಿ ವಿಚಾರಿಸುವುದು ಒಳ್ಳೆಯದು. ಒಮ್ಮೆ ಹುಬ್ಬಳ್ಳಿಯಿಂದ ಬಂದಿದ್ದ ಸೋದರಮಾವನನ್ನು ಬೆಳಗಿನ ಜಾವವೇ ಎಬ್ಬಿಸಿ, ಅರ್ಧ ಊರು ದಾಟಿಸಿ ಕರೆದುಕೊಂಡು ಹೋಗಿ, ಮುಚ್ಚಿದ ಬಾಗಿಲಿನ ಮುಂದೆ ನಿಲ್ಲಿಸಿದ್ದೆ. ಅವರು ಇಂದಿಗೂ ನಮ್ಮ ಮನೆಗೆ ಬಂದಾಗ "ಇವತ್ತು ಯಾವ ಹೋಟೆಲ್ ಬಂದ್ ಐತಿ?" ಎಂದೇ ಮಾತು ಆರಂಭಿಸುತ್ತಾರೆ.

ಎರಡನೆಯ ಸಿದ್ಧತೆ ಪ್ರಯಾಣದ್ದು. ಮೆಟ್ರೊದ ಹಸಿರು ಮಾರ್ಗವನ್ನು ತಿಂಡಿಪ್ರಿಯರಿಗಾಗಿಯೇ ಎಳೆದಿದ್ದಾರೇನೋ ಎಂದು ನನಗೆ ಹಲವು ಸಲ ಅನಿಸಿದೆ. ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ ನಿಲ್ದಾಣದಲ್ಲಿ ಇಳಿದರೆ ಮಲ್ಲೇಶ್ವರ, ಚಿಕ್ಕಪೇಟೆಯಲ್ಲಿ ಇಳಿದರೆ ಹಳೆಯ ಪೇಟೆ, ನ್ಯಾಷನಲ್ ಕಾಲೇಜಿನಲ್ಲಿ ಇಳಿದರೆ ವಿಶ್ವೇಶ್ವರಪುರ, ಶಂಕರಪುರ ಮತ್ತು ಗಾಂಧಿ ಬಜಾರು, ಮುಂದಿನ ನಿಲ್ದಾಣದಲ್ಲಿ ಲಾಲ್‌ಬಾಗ್. ಕಾರು ನಿಲ್ಲಿಸಲು ಜಾಗ ಹುಡುಕುವಷ್ಟರಲ್ಲಿ ಹಸಿವೇ ಸತ್ತುಹೋಗುವ ಈ ಬೀದಿಗಳಿಗೆ ರೈಲು ಮತ್ತು ಕಾಲ್ನಡಿಗೆಯೇ ಸರಿ. ಭಾನುವಾರ ಮಾತ್ರ ಮೆಟ್ರೊ ಉಳಿದ ದಿನಗಳಿಗಿಂತ ತಡವಾಗಿ ಆರಂಭವಾಗುತ್ತದೆ. ಅಂದು ಬೆಳಗಿನ ಮೊದಲ ತಿಂಡಿಗೆ ಆಟೊ ಹಿಡಿಯಬೇಕಾದೀತು.

ಬೆಳಿಗ್ಗೆ ಆರೂವರೆಯಿಂದ ಒಂಬತ್ತು: ಇಡ್ಲಿ ಮತ್ತು ದೋಸೆಯ ಹೊತ್ತು

ಇಡ್ಲಿಯಿಂದ ಆರಂಭಿಸಬೇಕೆಂಬುದು ನನ್ನ ಹಟ. ದೋಸೆಯನ್ನು ಯಾವ ಹೊತ್ತಿನಲ್ಲಾದರೂ ಕಾದ ಹೆಂಚಿನ ಮೇಲೆ ಹೊಯ್ದು ಕೊಡಬಹುದು, ಆದರೆ ಇಡ್ಲಿ ಪಾತ್ರೆಯಿಂದ ಇಳಿದ ಕೆಲವೇ ನಿಮಿಷಗಳಲ್ಲಿ ತಟ್ಟೆಗೆ ಬರಬೇಕು. ಗಿರಾಕಿಗಳು ಒಂದೇ ಸಮನೆ ಬರುವ ಬೆಳಗಿನ ಹೊತ್ತಿನಲ್ಲಷ್ಟೇ ಅದು ಸಾಧ್ಯ. ಶಂಕರ ಮಠದ ಸಮೀಪವಿರುವ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಿಂದ ನಡೆದುಬಂದಿದೆ. ಅಲ್ಲಿನ ತಿಂಡಿಗಳನ್ನು ಬೆರಳೆಣಿಕೆಯಲ್ಲಿ ಮುಗಿಸಬಹುದು: ಇಡ್ಲಿ, ಉದ್ದಿನವಡೆ, ಖಾರಾಬಾತ್, ಕೇಸರಿಬಾತ್. ಸಾಂಬಾರು ಇಲ್ಲ, ಕೇಳಿ ಮುಜುಗರಪಡಬೇಡಿ. ಚಟ್ನಿ ಮಾತ್ರ ಇದೆ, ಅದನ್ನು ಎಷ್ಟು ಸಲ ಬೇಕಾದರೂ ಹಾಕಿಸಿಕೊಳ್ಳಬಹುದು. ಕುರ್ಚಿಗಳಿಲ್ಲದ ಈ ಜಾಗದಲ್ಲಿ ತಟ್ಟೆ ಹಿಡಿದು ರಸ್ತೆಯಂಚಿನಲ್ಲಿ ನಿಂತು ತಿನ್ನುವುದೇ ಪದ್ಧತಿ. ಮಲ್ಲೇಶ್ವರದ ಕಡೆ ಉಳಿದುಕೊಂಡವರಿಗೆ ಮಾರ್ಗೋಸಾ ರಸ್ತೆಯ ವೀಣಾ ಸ್ಟೋರ್ಸ್ ಇದೇ ಸುಖವನ್ನು ಕೊಡುತ್ತದೆ. ಅಲ್ಲಿನ ನೀರುನೀರಾದ ಚಟ್ನಿಯಲ್ಲಿ ಇಡ್ಲಿ ಮುಳುಗಿಯೇ ಬರುತ್ತದೆ.

ಇಲ್ಲೊಂದು ಎಚ್ಚರಿಕೆ: ಮೊದಲ ಹೋಟೆಲಿನಲ್ಲೇ ಹೊಟ್ಟೆ ತುಂಬಿಸಿಕೊಳ್ಳಬೇಡಿ. ಇಬ್ಬರು ಹೋದರೆ ಒಂದೇ ಪ್ಲೇಟು ಇಡ್ಲಿ ವಡೆ ತೆಗೆದುಕೊಳ್ಳಿ, ಕಾಫಿಯನ್ನು 'ಬೈ ಟೂ' ಹೇಳಿ. ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚಿಕೊಡುವ ಈ ಪದ್ಧತಿಯನ್ನು ಇಲ್ಲಿ ಯಾರೂ ಜಿಪುಣತನವೆಂದು ತಿಳಿಯುವುದಿಲ್ಲ.

ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಗಾಂಧಿ ಬಜಾರು ಇದೆ. 1943ರಲ್ಲಿ ಆರಂಭವಾದ ವಿದ್ಯಾರ್ಥಿ ಭವನ, ಹೆಸರೇ ಹೇಳುವಂತೆ, ಸುತ್ತಲಿನ ವಿದ್ಯಾರ್ಥಿಗಳನ್ನು ನೆಚ್ಚಿ ಹುಟ್ಟಿದ ಹೋಟೆಲು. ಇಲ್ಲಿನ ಮಸಾಲೆ ದೋಸೆ ಊರಿನ ಉಳಿದ ದೋಸೆಗಳಂತಲ್ಲ: ಹೊರಗೆ ಕೆಂಪಗೆ ಗರಿಗರಿ, ಒಳಗೆ ಮೆತ್ತಗೆ, ಅಂಗೈಗೆ ಹತ್ತುವಷ್ಟು ತುಪ್ಪ. ಒಳಗೆ ಕೆಂಪು ಚಟ್ನಿ ಸವರುವುದಿಲ್ಲ. ತೆಳು ಚಟ್ನಿಯನ್ನು ದೋಸೆಯ ಮೇಲೆಯೇ ಸುರಿಯುತ್ತಾರೆ. ಒಂದರ ಮೇಲೊಂದು ತಟ್ಟೆ ಪೇರಿಸಿ, ಮೊಣಕೈಯವರೆಗೆ ದೋಸೆ ಹೊತ್ತು ತರುವ ಮಾಣಿಗಳನ್ನು ನೋಡುವುದಕ್ಕಾಗಿಯೇ ಕ್ಯಾಮೆರಾ ಹಿಡಿದು ಬರುವವರಿದ್ದಾರೆ. ವಾರಾಂತ್ಯದಲ್ಲಿ ಬಾಗಿಲಲ್ಲಿ ಹೆಸರು ಬರೆಸಿ ಅರ್ಧ ಗಂಟೆಗೂ ಹೆಚ್ಚು ಕಾಯಬೇಕಾಗುವುದರಿಂದ ವಾರದ ನಡುವೆ, ಏಳರೊಳಗೆ ಹೋಗುವುದು ಜಾಣತನ.

ಇದಕ್ಕೆ ಎದುರಾಳಿಯೆಂದರೆ ಮಲ್ಲೇಶ್ವರದ ಸಿಟಿಆರ್. ಈಗ ಅದರ ಹೆಸರು ಶ್ರೀ ಸಾಗರ್ ಎಂದಾಗಿದ್ದರೂ ಹಳಬರ ಬಾಯಲ್ಲಿ ಸೆಂಟ್ರಲ್ ಟಿಫಿನ್ ರೂಮ್ ಆಗಿಯೇ ಉಳಿದಿದೆ. ಅಲ್ಲಿ ಕೇಳಬೇಕಾದದ್ದು ಬೆಣ್ಣೆ ಮಸಾಲೆ. ಈ ಎರಡರಲ್ಲಿ ಯಾವುದು ಮೇಲು ಎಂಬ ವಾದ ದಕ್ಷಿಣ ಬೆಂಗಳೂರು ಮತ್ತು ಮಲ್ಲೇಶ್ವರದ ನಡುವೆ ಇತ್ಯರ್ಥವಾಗದೆ ಉಳಿದಿದೆ. ನಾನು ಗಾಂಧಿ ಬಜಾರಿನ ಪಕ್ಷದವನಾದರೂ, ಮೊದಲ ಸಲ ಬೆಂಗಳೂರಿನ ದೋಸೆ ತಿನ್ನುವವರನ್ನು ಸಿಟಿಆರ್‌ಗೇ ಕಳಿಸುತ್ತೇನೆ, ಏಕೆಂದರೆ ಅದರ ರುಚಿಗೆ ನಾಲಗೆ ಬೇಗ ಒಗ್ಗುತ್ತದೆ. ವಿದ್ಯಾರ್ಥಿ ಭವನದ ದೋಸೆಯನ್ನು ಮೆಚ್ಚಲು ಎರಡನೆಯ ಭೇಟಿ ಬೇಕು.

ಹಳೆಯ ಪೇಟೆಯಲ್ಲಿ ಸೀರೆ, ಪಾತ್ರೆ ಕೊಳ್ಳುವ ಕೆಲಸವಿದ್ದವರು ಬಳೇಪೇಟೆಯ ಉಡುಪಿ ಶ್ರೀ ಕೃಷ್ಣ ಭವನದಲ್ಲಿ ಸಾಗು ಮಸಾಲೆ ದೋಸೆ ತಿನ್ನಬಹುದು. ಆಲೂಗಡ್ಡೆ ಪಲ್ಯದ ಬದಲು ತರಕಾರಿ ಸಾಗು ಒಳಗಿರುವ ಈ ದೋಸೆ ಈಚೆಗೆ ಬೇರೆಡೆ ಅಪರೂಪವಾಗಿದೆ.

ಎಂಟಿಆರ್‌ಗೆ ಹೋಗುವ ಕ್ರಮ

ಎಂಟಿಆರ್ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಹೊರಗಿನಿಂದ ಬಂದವರು ಹೆಚ್ಚಾಗಿ ಎಡವುವುದು ಇಲ್ಲಿಯೇ. 1924ರಲ್ಲಿ ಉಡುಪಿ ಕಡೆಯ ಮಯ್ಯ ಸಹೋದರರು ಆರಂಭಿಸಿದ ಈ ಹೋಟೆಲಿನ ಪೂರ್ಣ ಹೆಸರು ಮಾವಳ್ಳಿ ಟಿಫಿನ್ ರೂಮ್ಸ್. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ರವೆಯಿಂದ ಇಡ್ಲಿ ಮಾಡಿ ನೋಡಿದ್ದು ತಾವೇ ಎಂದು ಹೋಟೆಲಿನವರು ಹೇಳುತ್ತಾರೆ. ಆದ್ದರಿಂದ ಅಲ್ಲಿ ಮೊದಲು ರವೆ ಇಡ್ಲಿಯನ್ನೇ ತರಿಸಬೇಕು. ಗೋಡಂಬಿ ಕಾಣುವ ಆ ಇಡ್ಲಿಯ ಜೊತೆ ಸಾಗು ಮತ್ತು ಪುಟ್ಟ ಬಟ್ಟಲಿನಲ್ಲಿ ತುಪ್ಪ ಬರುತ್ತದೆ. ತುಪ್ಪವನ್ನು ಇಡ್ಲಿಯ ಮೇಲೆ ಪೂರ್ತಿ ಸುರಿದುಬಿಡಿ, ಆರೋಗ್ಯದ ಯೋಚನೆಯನ್ನು ಮರುದಿನಕ್ಕೆ ಮುಂದೂಡಿ. 1975ರ ತುರ್ತುಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ತಿಂಡಿಗಳ ಬೆಲೆಗೆ ಕಡಿವಾಣ ಹಾಕಿದಾಗ ಹೋಟೆಲು ನಡೆಸಲಾಗದೆ ಬಾಗಿಲು ಹಾಕಿ, ಸಿದ್ಧ ಹಿಟ್ಟುಗಳ ಮಾರಾಟಕ್ಕೆ ಇಳಿದದ್ದೇ ಮುಂದೆ ದೊಡ್ಡ ಉದ್ಯಮವಾಯಿತು. ಅಂಗಡಿಯಲ್ಲಿ ಸಿಗುವ ರವೆ ಇಡ್ಲಿ ಪೊಟ್ಟಣದ ಹಿಂದೆ ಆ ಕಥೆಯಿದೆ.

ಹೋಗುವ ರೀತಿ ಹೀಗೆ. ಲಾಲ್‌ಬಾಗ್ ಮೆಟ್ರೊ ನಿಲ್ದಾಣದಲ್ಲಿ ಇಳಿದು ಪಶ್ಚಿಮ ದ್ವಾರದಿಂದ ತೋಟವನ್ನು ಹೊಕ್ಕು, ಕೆರೆಯ ಕಡೆ ಒಂದು ಸುತ್ತು ಹಾಕಿ, ಗಾಜಿನ ಮನೆಯನ್ನು ದಾಟಿ ಮುಖ್ಯ ದ್ವಾರದಿಂದ ಹೊರಬನ್ನಿ. ಹೋಟೆಲು ಅಲ್ಲಿಗೆ ಹತ್ತಿರ, ಮತ್ತು ಆ ನಡಿಗೆ ಮುಗಿಯುವ ಹೊತ್ತಿಗೆ ಹಸಿವು ತಾನಾಗಿಯೇ ಹುಟ್ಟಿರುತ್ತದೆ. ಗಲ್ಲಾದ ಬಳಿ ಹೆಸರು, ಎಷ್ಟು ಜನ ಎಂಬುದನ್ನು ಹೇಳಿ ಕಾಯಬೇಕು. ಅಪರಿಚಿತರ ಜೊತೆ ಒಂದೇ ಮೇಜು ಹಂಚಿಕೊಳ್ಳುವುದು ಅಲ್ಲಿ ಸಹಜ. ಮಧ್ಯಾಹ್ನದ ಊಟಕ್ಕೆ ಹೋಗುವವರು ಬೆಳಿಗ್ಗೆ ಬೇರೇನನ್ನೂ ತಿನ್ನದಿರುವುದು ಕ್ಷೇಮ. ಆ ಊಟ ಸಾಲುಸಾಲಾಗಿ ಬರುತ್ತದೆ. ಮೊದಲು ಬಂದದ್ದನ್ನೇ ಹಾಕಿಸಿಕೊಂಡು ಕುಳಿತರೆ ಬಿಸಿಬೇಳೆಬಾತ್ ಬರುವ ಹೊತ್ತಿಗೆ ಸೋತಿರುತ್ತೀರಿ.

ದರ್ಶಿನಿಯಲ್ಲಿ ನಡೆದುಕೊಳ್ಳುವುದು

ಹೆಸರಾಂತ ಹೋಟೆಲುಗಳಿಗೆ ಹೋಗಲು ಸಮಯವಿಲ್ಲದ ದಿನ ದರ್ಶಿನಿಯೇ ಗತಿ, ಮತ್ತು ಅದು ಕೆಟ್ಟ ಗತಿಯೇನಲ್ಲ. 1980ರ ದಶಕದಲ್ಲಿ ಜಯನಗರದ ಕಡೆಯಿಂದ ಹಬ್ಬಿದ ಈ ನಿಂತು ತಿನ್ನುವ ಹೋಟೆಲುಗಳು ಇಂದು ಪ್ರತಿ ಬಡಾವಣೆಯಲ್ಲೂ ಇವೆ. ಮೊದಲು ಗಲ್ಲಾದಲ್ಲಿ ಹಣ ಕೊಟ್ಟು ಚೀಟಿ ಪಡೆಯಬೇಕು, ಆಮೇಲೆ ತಿಂಡಿಯ ಕೌಂಟರಿನಲ್ಲಿ ಒಂದು ಚೀಟಿ, ಕಾಫಿಯ ಕೌಂಟರಿನಲ್ಲಿ ಇನ್ನೊಂದು. ಖಾರಾಬಾತ್ ಮತ್ತು ಕೇಸರಿಬಾತ್ ಎರಡನ್ನೂ ಒಂದೇ ತಟ್ಟೆಯಲ್ಲಿ ಬಯಸುವವರು 'ಚೌಚೌಬಾತ್' ಎನ್ನಬೇಕು. ಇಡ್ಲಿಯನ್ನು ಸಾಂಬಾರಿನಲ್ಲಿ ಮುಳುಗಿಸಿ ಕೊಡುವುದು ಬೇಡವಾದರೆ ಮೊದಲೇ 'ಸಾಂಬಾರ್ ಸಪರೇಟ್' ಎಂದು ಹೇಳಿಬಿಡಿ. ಹೊಸ ದರ್ಶಿನಿಯನ್ನು ಅಳೆಯಲು ನನ್ನದೊಂದು ಸರಳ ಪರೀಕ್ಷೆಯಿದೆ: ಉದ್ದಿನವಡೆಯನ್ನು ಮುರಿದಾಗ ಬೆರಳಿಗೆ ಎಣ್ಣೆ ಇಳಿದರೆ ಅಲ್ಲಿ ಕಾಫಿ ಕುಡಿದು ಹೊರಟುಬಿಡುತ್ತೇನೆ.

ಕಾಫಿಯ ವಿಷಯಕ್ಕೆ ಬಂದರೆ, ಇಲ್ಲಿನ ಫಿಲ್ಟರ್ ಕಾಫಿಯ ಪುಡಿಯಲ್ಲಿ ಸಾಮಾನ್ಯವಾಗಿ ಚಿಕೋರಿ ಬೆರೆತಿರುತ್ತದೆ. ಡಿಕಾಕ್ಷನ್ ಹೆಚ್ಚು ಬೇಕಾದರೆ 'ಸ್ಟ್ರಾಂಗ್' ಎನ್ನಿ. ಸಕ್ಕರೆ ಹೆಚ್ಚಿನ ಕಡೆ ಮೊದಲೇ ಬೆರೆತು ಬರುವುದರಿಂದ ಬೇಡದವರು ಚೀಟಿ ಕೊಡುವಾಗಲೇ ಹೇಳಬೇಕು, ಲೋಟ ಕೈಗೆ ಬಂದ ಮೇಲೆ ಹೇಳಿ ಪ್ರಯೋಜನವಿಲ್ಲ. ಕುಳಿತು, ಪತ್ರಿಕೆ ಓದುತ್ತ, ಯಾರೂ ಎಬ್ಬಿಸದಂತೆ ಕಾಫಿ ಕುಡಿಯಬೇಕೆಂದಿದ್ದರೆ ಚರ್ಚ್ ಸ್ಟ್ರೀಟಿನ ಇಂಡಿಯಾ ಕಾಫಿ ಹೌಸ್ ಇದೆ. 2009ರವರೆಗೆ ಅದು ಮಹಾತ್ಮ ಗಾಂಧಿ ರಸ್ತೆಯಲ್ಲಿತ್ತು. ಜಾಗ ಬದಲಾದರೂ ಮಾಣಿಗಳ ಬಿಳಿ ಸಮವಸ್ತ್ರ ಬದಲಾಗಿಲ್ಲ.

ಮಧ್ಯಾಹ್ನ ಹನ್ನೆರಡೂವರೆ: ಮಿಲಿಟರಿ ಹೋಟೆಲು

ಬೆಂಗಳೂರೆಂದರೆ ಇಡ್ಲಿ ದೋಸೆ ಎಂದು ನಂಬಿಕೊಂಡು ಬಂದವರಿಗೆ ಈ ಊರಿನ ಅರ್ಧ ನಾಲಗೆ ಗೊತ್ತೇ ಇರುವುದಿಲ್ಲ. ಮಾಂಸದೂಟದ ಹಳೆಯ ಹೋಟೆಲುಗಳಿಗೆ ಇಲ್ಲಿ ಮಿಲಿಟರಿ ಹೋಟೆಲು ಎಂದು ಹೆಸರು. ಅವುಗಳಲ್ಲಿ ಕೆಲವನ್ನು ಮರಾಠ ಮನೆತನಗಳು ತಲೆಮಾರುಗಳಿಂದ ನಡೆಸಿಕೊಂಡು ಬಂದಿವೆ. ಜಯನಗರ ಎಂಟನೆಯ ಬ್ಲಾಕಿನ ಶಿವಾಜಿ ಮಿಲಿಟರಿ ಹೋಟೆಲು ದೊನ್ನೆ ಬಿರಿಯಾನಿಗೆ ಹೆಸರುವಾಸಿ. ಒಣಗಿದ ಎಲೆಯ ದೊನ್ನೆಯಲ್ಲಿ ಬಡಿಸುವ ಈ ಬಿರಿಯಾನಿ ಹೈದರಾಬಾದಿನದಕ್ಕೆ ಯಾವ ರೀತಿಯಲ್ಲೂ ಸಂಬಂಧಿಯಲ್ಲ: ಅಕ್ಕಿ ಬಾಸುಮತಿಯಲ್ಲ, ಸಣ್ಣ ಕಾಳಿನ ಜೀರಿಗೆ ಸಾಂಬಾ, ಬಣ್ಣ ಕೇಸರಿಯಲ್ಲ, ಕೊತ್ತಂಬರಿ ಪುದೀನದ ಹಸಿರು. ಹನ್ನೆರಡೂವರೆಯ ಸುಮಾರಿಗೆ ಹೋಗಿ. ಒಂದೂವರೆಗೆ ಜಾಗಕ್ಕಾಗಿ ಜನ ನಿಮ್ಮ ಕುರ್ಚಿಯ ಹಿಂದೆಯೇ ಬಂದು ನಿಂತಿರುತ್ತಾರೆ, ಎರಡರ ನಂತರ ಒಂದೊಂದೇ ಬಗೆ ಮುಗಿಯತೊಡಗುತ್ತದೆ.

ರಾಗಿ ಮುದ್ದೆ ಸಿಗುವ ಕಡೆ ಮುದ್ದೆಯನ್ನೇ ತೆಗೆದುಕೊಳ್ಳಿ, ಜೊತೆಗೆ ಕಾಲು ಸೂಪು, ಬೋಟಿ ಗೊಜ್ಜು ಅಥವಾ ಕೈಮಾ ಉಂಡೆ ಸಾರು. ಹೊಸಬರಿಗೆ ಒಂದು ಮಾತು: ಮುದ್ದೆಯನ್ನು ಅಗಿಯಬಾರದು. ಬೆರಳಿನಿಂದ ಸಣ್ಣದಾಗಿ ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗಬೇಕು. ಅಗಿದವರು ಹಲ್ಲಿಗಂಟಿಸಿಕೊಂಡು ರಾಗಿಯನ್ನು ದೂರುತ್ತಾರೆ. ದೊನ್ನೆ ಬಿರಿಯಾನಿಯ ಬೋರ್ಡು ಈಗ ಗಲ್ಲಿಗಲ್ಲಿಯಲ್ಲೂ ನೇತಾಡುತ್ತಿದೆ; ದೊನ್ನೆಯೊಂದು ಇದ್ದ ಮಾತ್ರಕ್ಕೆ ಅದು ಮಿಲಿಟರಿ ಹೋಟೆಲಿನ ಬಿರಿಯಾನಿಯಾಗುವುದಿಲ್ಲ.

ಬಾಳೆ ಎಲೆಯ ಮೇಲೆ ಪಪ್ಪು, ಗನ್‌ಪೌಡರ್ ಚಟ್ನಿಪುಡಿ, ತುಪ್ಪ ಸುರಿದ ಬಿಸಿ ಅನ್ನದ ಆಂಧ್ರ ಊಟವೂ ಬೆಂಗಳೂರಿನದೇ ಆಗಿಹೋಗಿದೆ. ರೆಸಿಡೆನ್ಸಿ ರಸ್ತೆಯ ನಾಗಾರ್ಜುನ ಅದಕ್ಕೆ ತಕ್ಕ ಜಾಗ. ಖಾರ ತಡೆಯದವರು ಮೊಸರಿನ ಬಟ್ಟಲನ್ನು ಪಕ್ಕದಲ್ಲೇ ಇಟ್ಟುಕೊಳ್ಳಲಿ.

ಮೂರೂವರೆಯಿಂದ ಸಂಜೆ: ಬೇಕರಿಯ ಹೊತ್ತು

ಮಧ್ಯಾಹ್ನದ ನಿದ್ದೆ ಮುಗಿಸಿ ಎದ್ದವರಿಗೆ ಎರಡು ದಾರಿಗಳಿವೆ. ಒಂದು ಅಯ್ಯಂಗಾರ್ ಬೇಕರಿ. ಹಾಸನ ಸೀಮೆಯಿಂದ ಬಂದ ಅಯ್ಯಂಗಾರರು ಬೆಳೆಸಿದ ಈ ಬೇಕರಿಗಳ ಪರಂಪರೆ 1898ರಲ್ಲಿ ಚಿಕ್ಕಪೇಟೆಯ ಬಳಿ ಆರಂಭವಾಯಿತು. ಮೊಟ್ಟೆ ಮುಟ್ಟದವರಿಗೂ ಬನ್ನು ಬಿಸ್ಕತ್ತಿನ ರುಚಿ ಹತ್ತಿಸಿದವರು ಇವರೇ. ವಿಶ್ವೇಶ್ವರಪುರದ ವಿಬಿ ಬೇಕರಿಯಲ್ಲಿ ಖಾರಾ ಬನ್ನಿನ ನಡುವೆ ಬೆಣ್ಣೆ ಸವರಿ ಮಸಾಲೆ ಕಡಲೆಕಾಯಿ ಬೀಜ ತುಂಬುವ 'ಕಾಂಗ್ರೆಸ್ ಬನ್' ತಿಂದು ನೋಡಿ. ದಿಲ್‌ಪಸಂದ್, ತೆಂಗಿನತುರಿ ಉದುರಿಸಿದ ಹನಿ ಕೇಕ್, ಆಲೂ ಬನ್ ಎಲ್ಲ ಅಯ್ಯಂಗಾರ್ ಬೇಕರಿಯ ಸ್ವತ್ತು. ಸಂಜೆ ನಾಲ್ಕು ಐದರ ನಡುವೆ ಒಲೆಯಿಂದ ಹೊಸ ಬನ್ನು ಇಳಿಯುವಾಗ ಅಂಗಡಿಯ ಮುಂದೆ ಹಾದುಹೋಗುವುದು ಕಷ್ಟ.

ಇನ್ನೊಂದು ದಾರಿ ಫ್ರೇಜರ್ ಟೌನಿನ ಮಸೀದಿ ರಸ್ತೆಯಲ್ಲಿರುವ ಆಲ್ಬರ್ಟ್ ಬೇಕರಿ. 1902ರಷ್ಟು ಹಳೆಯದಾದ ಇದು ಬೆಳಿಗ್ಗೆ ತೆರೆಯುವುದಿಲ್ಲ, ವ್ಯಾಪಾರವೆಲ್ಲ ಮಧ್ಯಾಹ್ನದ ನಂತರ. ಖೋವಾ ನಾನ್ ಮತ್ತು ಖೀಮಾ ಸಮೋಸ ಬೇಗ ಖಾಲಿಯಾಗುತ್ತವೆ. ಅಲ್ಲಿಂದ ರಿಚ್ಮಂಡ್ ಟೌನಿಗೆ ಬಂದು ಜಾನ್ಸನ್ ಮಾರ್ಕೆಟಿನ ಮೆಕ್ಕಾ ಕೆಫೆಯಲ್ಲಿ ಹಾಲಿಲ್ಲದ ಸುಲೈಮಾನಿ ಚಹಾ ಕುಡಿದರೆ ಸಂಜೆ ಪೂರ್ತಿಯಾಗುತ್ತದೆ. ರಂಜಾನ್ ತಿಂಗಳಲ್ಲಿ ಬಂದವರು ಉಪವಾಸ ಮುರಿಯುವ ಹೊತ್ತು ಕಳೆದ ಮೇಲೆ ಫ್ರೇಜರ್ ಟೌನು, ಶಿವಾಜಿನಗರಗಳಿಗೆ ಹೋಗಬೇಕು: ಹಲೀಮ್, ಕಬಾಬುಗಳ ಹೊಗೆ, ಕಾಲಿಡಲು ಜಾಗವಿಲ್ಲದ ಜನಸಂದಣಿ. ಮೊದಲು ಉಪವಾಸವಿದ್ದವರು ತಿನ್ನಲಿ. ಒಂದರ್ಧ ಗಂಟೆ ತಡವಾಗಿ ಹೋಗುವುದು ಸೌಜನ್ಯವೂ ಹೌದು, ಅನುಕೂಲವೂ ಹೌದು.

ಏಳರ ನಂತರ: ತಿಂಡಿ ಬೀದಿ

ವಿಶ್ವೇಶ್ವರಪುರದ ಸಜ್ಜನ್ ರಾವ್ ವೃತ್ತದ ಬಳಿಯ ತಿಂಡಿ ಬೀದಿ ಹಗಲು ಸಾಧಾರಣ ರಸ್ತೆಯಂತೆಯೇ ಇದ್ದು, ಕತ್ತಲಾದ ಮೇಲೆ ರೂಪ ಬದಲಿಸುತ್ತದೆ. ಇಲ್ಲಿನ ನಿಯಮವೂ ಹಳೆಯದೇ: ಇಡೀ ಬೀದಿಯನ್ನು ಒಮ್ಮೆ ನಡೆದು ನೋಡಿ, ಆಮೇಲೆ ತಿನ್ನಲು ತೊಡಗಿ. ಮೊದಲು ಕಂಡ ಅಂಗಡಿಯಲ್ಲೇ ನಿಂತವರು ತುದಿಯವರೆಗೆ ತಲುಪಿದ್ದನ್ನು ನಾನು ಕಂಡಿಲ್ಲ. ಪಡ್ಡು, ಅಕ್ಕಿ ರೊಟ್ಟಿ, ಬಿಸಿ ಹೋಳಿಗೆ, ಕೊನೆಗೆ ಬೆಣ್ಣೆ ಹಾಕಿದ ಗುಲ್ಕಂದ್, ಈ ಕ್ರಮದಲ್ಲಿ ಹೋದರೆ ಹೊಟ್ಟೆ ಸಹಿಸಿಕೊಳ್ಳುತ್ತದೆ. ಚೀಸ್ ಸುರಿದ ನೂರೆಂಟು ಬಗೆಯ ದೋಸೆಗಳೂ ಅಲ್ಲಿವೆ; ಮಕ್ಕಳಿದ್ದರೆ ಅವನ್ನು ತಪ್ಪಿಸಿಕೊಳ್ಳಲಾಗದು, ಇಲ್ಲದಿದ್ದರೆ ಮುಂದೆ ಸಾಗಿ.

ಡಿಸೆಂಬರ್ ಜನವರಿಯಲ್ಲಿ ಬಂದರೆ ಅವರೆಕಾಯಿಯ ಕಾಲ. ಇಬ್ಬನಿ ಬಿದ್ದಂತೆ ಅವರೆಗೆ ಸೊಗಡು ಏರುತ್ತದೆಂದು ನಮ್ಮ ಕಡೆ ಹೇಳುತ್ತಾರೆ; ಸಿಪ್ಪೆ ಮುಟ್ಟಿದರೆ ಕೈಗೂ ವಾಸನೆ ಅಂಟಬೇಕು. ಆ ದಿನಗಳಲ್ಲಿ ನಡೆಯುವ ಅವರೆ ಮೇಳದಲ್ಲಿ ಅವರೆಕಾಳಿನ ದೋಸೆ, ಉಪ್ಪಿಟ್ಟು, ಹಿತಕಿದ ಬೇಳೆ ಸಾರಿನಿಂದ ಹಿಡಿದು ಜಿಲೇಬಿಯವರೆಗೆ ಎಲ್ಲವೂ ಇರುತ್ತದೆ. ಜಿಲೇಬಿಯನ್ನು ಒಮ್ಮೆ ತಿಂದರೆ ಸಾಕು, ಹಿತಕಿದ ಬೇಳೆಯನ್ನು ಮಾತ್ರ ಬಿಡಬೇಡಿ. ಅದಕ್ಕೂ ಮುಂಚೆ, ಕಾರ್ತಿಕ ಮಾಸದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಬಳಿ ಕಡಲೆಕಾಯಿ ಪರಿಷೆ ನಡೆಯುತ್ತದೆ. ಹುರಿದ ಕಡಲೆಕಾಯಿಗಿಂತ ಬೇಯಿಸಿದ್ದು ರುಚಿ ಎಂಬುದು ನನ್ನ ಅಭಿಪ್ರಾಯ, ಮನೆಯವರು ಒಪ್ಪುವುದಿಲ್ಲ.

ರಾತ್ರಿ: ಕುಡಿಯುವವರಿಗೆ

1980ರ ದಶಕದಿಂದಲೇ ಪಬ್ಬುಗಳ ಊರೆಂದು ಹೆಸರಾದ ಬೆಂಗಳೂರಿನಲ್ಲಿ ಈಗ ಕಾಣಬೇಕಾದದ್ದು ಅಲ್ಲಿಯೇ ಬಿಯರು ತಯಾರಿಸಿ ಕೊಡುವ ಮೈಕ್ರೊಬ್ರೂವರಿಗಳನ್ನು. ಇಂದಿರಾನಗರದ ನೂರಡಿ ರಸ್ತೆಯ ಟಾಯ್ಟ್ ಈ ಪೈಕಿ ಹಳಬ. ಸಂಜೆ ಆರರ ಸುಮಾರಿಗೆ, ಅದೂ ವಾರದ ನಡುವೆ ಹೋದರೆ ಜಾಗ ಸಿಗುತ್ತದೆ. ಶುಕ್ರವಾರ ಶನಿವಾರ ಎಂಟರ ನಂತರ ಹೋದವರು ಬಾಗಿಲಲ್ಲೇ ಅರ್ಧ ಸಂಜೆ ಕಳೆಯಬೇಕು. ಬಗೆಬಗೆಯ ಬಿಯರನ್ನು ಸಣ್ಣ ಲೋಟಗಳಲ್ಲಿ ರುಚಿ ನೋಡಿ ಆಮೇಲೆ ಒಂದನ್ನು ಆರಿಸಿಕೊಳ್ಳಬಹುದು. ಗದ್ದಲ ಬೇಡವಾದವರಿಗೆ ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್ ಇದೆ. 1940ರಲ್ಲಿ ಬೇಕರಿಯಾಗಿ ಹುಟ್ಟಿದ ಅದರ ಮೇಜುಗಳಲ್ಲಿ ವಕೀಲರು, ಪತ್ರಕರ್ತರು, ಕಲಾವಿದರು ಗಂಟೆಗಟ್ಟಲೆ ಹರಟುವುದು ವಾಡಿಕೆಯಾಗಿಬಿಟ್ಟಿದೆ. ಸಂಗೀತ ಬೇಕಾದವರು ರೆಸ್ಟ್ ಹೌಸ್ ರಸ್ತೆಯ ಪೆಕೋಸ್‌ಗೆ ಹೋಗಲಿ. ಹಳೆಯ ರಾಕ್ ಹಾಡುಗಳು, ಮಂದ ಬೆಳಕು, ಜಗ್ಗಿನಲ್ಲಿ ಬಿಯರು.

ಪಬ್ಬುಗಳಲ್ಲಿ ಇಪ್ಪತ್ತೊಂದು ತುಂಬದವರಿಗೆ ಮದ್ಯ ಕೊಡುವುದಿಲ್ಲ, ವಯಸ್ಸಿನ ಪುರಾವೆ ಕೇಳುತ್ತಾರೆ. ಬಿಲ್ಲಿನಲ್ಲಿ ಸೇವಾ ಶುಲ್ಕ ಸೇರಿದೆಯೇ ನೋಡಿಕೊಳ್ಳಿ. ಅದು ಕಡ್ಡಾಯವಲ್ಲ, ಬೇಡವೆಂದರೆ ತೆಗೆಸಬಹುದು. ಕುಡಿದ ಮೇಲೆ ವಾಹನ ಮುಟ್ಟಬೇಡಿ. ಇಂದಿರಾನಗರವೂ ಮಹಾತ್ಮ ಗಾಂಧಿ ರಸ್ತೆಯೂ ನೇರಳೆ ಮಾರ್ಗದ ಮೆಟ್ರೊ ನಿಲ್ದಾಣಗಳೇ ಆದ್ದರಿಂದ ಕೊನೆಯ ರೈಲಿನ ಸಮಯವನ್ನು ಸಂಜೆಯೇ ನೋಡಿಟ್ಟುಕೊಂಡರೆ ಮಧ್ಯರಾತ್ರಿ ಆಟೊದವರೊಡನೆ ಚೌಕಾಸಿ ತಪ್ಪುತ್ತದೆ.

ಊರಿಗೆ ಹೊರಡುವ ದಿನ

ಕೊನೆಯ ದಿನ ಒಂದು ಗಂಟೆ ಉಳಿಸಿಕೊಂಡು ಗಾಂಧಿ ಬಜಾರಿಗೋ ಮಲ್ಲೇಶ್ವರಕ್ಕೋ ಹೋಗಿ. ಗಾಂಧಿ ಬಜಾರಿನ ಸುಬ್ಬಮ್ಮನ ಅಂಗಡಿಯಲ್ಲಿ ಹಪ್ಪಳ, ಸಂಡಿಗೆ, ಚಟ್ನಿಪುಡಿ, ಕೋಡುಬಳೆ ಸಿಗುತ್ತವೆ. ಕಾಫಿಪುಡಿಯನ್ನು ಪೊಟ್ಟಣದಲ್ಲಿ ಕೊಳ್ಳುವ ಬದಲು ಕಣ್ಣೆದುರಿಗೇ ಬೀಜ ಪುಡಿ ಮಾಡಿಕೊಡುವ ಅಂಗಡಿಯಲ್ಲಿ ತೆಗೆದುಕೊಳ್ಳಿ. ಅಲ್ಲಿ "ಚಿಕೋರಿ ಎಷ್ಟು ಹಾಕಲಿ?" ಎಂದು ಕೇಳುತ್ತಾರೆ. ಹೋಟೆಲಿನ ರುಚಿ ಬೇಕಾದವರು ನೂರಕ್ಕೆ ಇಪ್ಪತ್ತು ಎನ್ನಲಿ, ಕಾಫಿಯದೇ ರುಚಿ ಬೇಕಾದವರು ಹತ್ತಕ್ಕೆ ನಿಲ್ಲಿಸಲಿ. ಕಾಲು ಕಿಲೋಗಿಂತ ಹೆಚ್ಚು ಬೇಡ. ಹದಿನೈದು ದಿನ ಕಳೆದರೆ ಪುಡಿಯ ಪರಿಮಳ ಹೋಗಿಬಿಡುತ್ತದೆ. ಪೊಟ್ಟಣವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಸುತ್ತಿ ಪೆಟ್ಟಿಗೆಯೊಳಗಿಡಿ, ಇಲ್ಲದಿದ್ದರೆ ಊರು ಸೇರುವಷ್ಟರಲ್ಲಿ ಬಟ್ಟೆಗಳೆಲ್ಲ ಕಾಫಿಯ ಘಮ ಹತ್ತಿಕೊಂಡಿರುತ್ತವೆ.